ಹಿಟ್ಟಿನ ಕೋಳಿ ಕೂಗಿದಾಗ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿದವರಿಗೆ ಟವೆಲಿನ ವ್ಯಾಪಾರ ಗೊತ್ತಿರುತ್ತದೆ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಲ್ಲುತ್ತಾರೆ, ನಡುವೆ ದಲ್ಲಾಳಿ. ಹೆಗಲ ಮೇಲಿನ ಟವೆಲು ಕೈಗಳ ಮೇಲೆ ಬೀಳುತ್ತದೆ. ಅದರ ಕೆಳಗೆ ಬೆರಳು ಬೆರಳನ್ನು ಹಿಡಿದು ಬೆಲೆ ಹೇಳುತ್ತದೆ. ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವುದು, ಬೆನ್ನು ತಟ್ಟುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು ಎಲ್ಲವೂ ಬಯಲಿನಲ್ಲಿ. ಬೆಲೆ ಮಾತ್ರ ಮರೆಯಲ್ಲಿ.

1980ರ ದಶಕದ ಕೊನೆಯ ಒಂದು ಚಳಿಗಾಲ ನಮ್ಮಪ್ಪ ಅಲ್ಲಿಗೆ ನಮ್ಮ ಮುದಿ ಎತ್ತನ್ನು ಹೊಡೆದುಕೊಂಡು ಹೋದ. ಹಳ್ಳಿಕಾರ್ ತಳಿಯ ಬೂದುಬಣ್ಣದ ಎತ್ತು. ಅದರ ಜೋಡಿ ಹಿಂದಿನ ಮಳೆಗಾಲದಲ್ಲಿ ಸತ್ತಿತ್ತು. ಉಳಿದದ್ದಕ್ಕೆ ಹಲ್ಲು ಸವೆದಿತ್ತು, ನೊಗ ಕಂಡರೆ ಮೊಣಕಾಲು ಊರುತ್ತಿತ್ತು. 'ಸಣ್ಣ ರೈತರೊಬ್ಬರು ಕೇಳವ್ರೆ, ಹಗುರ ಕೆಲಸ ಮಾಡಿಸ್ಕೊಂಡು ಸಾಕ್ಕೋತಾರೆ' ಎಂದ ದಲ್ಲಾಳಿ. ಅಪ್ಪ ತಲೆಯಾಡಿಸಿದ. ನಂಬಿದನೋ ಇಲ್ಲವೋ ನಾನು ಕೇಳಲಿಲ್ಲ. ಟವೆಲಿನ ಕೆಳಗೆ ಕೈ ಹೋಯಿತು, ಬಂತು. ಹಗ್ಗ ಕೈ ಬದಲಾಯಿಸುವ ಮೊದಲು ಅಪ್ಪ ಎತ್ತಿನ ಕೊರಳ ಗಂಟೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಅದೇ ತಿಂಗಳು ನಮ್ಮ ಶಾಲೆಯ ವಾರ್ಷಿಕೋತ್ಸವ. ಗೋವಿನ ಹಾಡಿನ ರೂಪಕದಲ್ಲಿ ನನಗೆ ಹುಲಿಯ ಪಾತ್ರ. ಹಳದಿ ಬಟ್ಟೆಗೆ ಮಸಿಯಿಂದ ಪಟ್ಟೆ ಬಳಿದಿದ್ದರು. ಪುಣ್ಯಕೋಟಿ ಕರುವನ್ನು ಬೀಳ್ಕೊಳ್ಳುವಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಬೆಂಚಿನ ಮೇಲಿಂದ ಹಾರಿ ಸತ್ತಾಗ ಇಡೀ ಊರು ಚಪ್ಪಾಳೆ ಹೊಡೆಯಿತು. ಮುಂದಿನ ಸಾಲಿನಲ್ಲಿ ಅಪ್ಪನೂ ಇದ್ದ.

ಈ ಬರಹ ಆ ಚಪ್ಪಾಳೆಯ ಬಗ್ಗೆ. ಮನುಷ್ಯನ ಕ್ರೌರ್ಯವನ್ನು, ತಾನು ಪ್ರಾಣಿಗಳಿಗಿಂತ ಮೇಲು ಎಂಬ ಅವನ ಹಮ್ಮನ್ನು ಹಂಗಿಸುವ ಸಾಹಿತ್ಯ ಕನ್ನಡದಲ್ಲಿ ಧಾರಾಳವಾಗಿದೆ. ಅದನ್ನು ಓದುವಾಗ ನಾವು ಖುಷಿಯಿಂದ ತಲೆದೂಗುತ್ತೇವೆ. ಬೈಸಿಕೊಂಡವರು ಇಷ್ಟು ಖುಷಿಯಾಗಿ ಮನೆಗೆ ಹೋಗುವುದು ಹೇಗೆ ಸಾಧ್ಯ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುವ ಪ್ರಶ್ನೆ. ಒಂದೋ ಆ ಬೈಗುಳ ನಮಗೆ ತಾಕುತ್ತಿಲ್ಲ, ಇಲ್ಲವೇ ತಾಕದಂತೆ ತಪ್ಪಿಸಿಕೊಳ್ಳುವ ದಾರಿಯೊಂದನ್ನು ನಾವು ಮೊದಲೇ ಹುಡುಕಿಟ್ಟುಕೊಂಡಿದ್ದೇವೆ.

ಮಾತಿನಿಂದಲೇ ಶುರುಮಾಡೋಣ. ಎಲ್ಲಾದರೂ ಘೋರ ಅಪರಾಧ ನಡೆದರೆ ಪತ್ರಿಕೆಗಳು ಅದನ್ನು 'ಮೃಗೀಯ ಕೃತ್ಯ' ಎನ್ನುತ್ತವೆ. ಯಾವ ಮೃಗವೂ ವರದಕ್ಷಿಣೆಗಾಗಿ ಸಂಗಾತಿಯನ್ನು ಸುಟ್ಟದ್ದಿಲ್ಲ, ಮಲದ ಗುಂಡಿಗೆ ಇನ್ನೊಂದು ಮೃಗವನ್ನು ಇಳಿಸಿದ್ದಿಲ್ಲ. ಆದರೂ ಕೆಟ್ಟದ್ದೆಲ್ಲ ಮೃಗದ ಲೆಕ್ಕಕ್ಕೆ, ಒಳ್ಳೆಯದೆಲ್ಲ 'ಮಾನವೀಯ' ಎಂಬ ನಮ್ಮ ಲೆಕ್ಕಕ್ಕೆ. ದಡ್ಡನಿಗೆ ಕತ್ತೆ, ಮಂದನಿಗೆ ಎಮ್ಮೆ, ಕೊಳಕನಿಗೆ ಹಂದಿ, ಹಿಂಬಾಲಕನಿಗೆ ಕುರಿ. ವಿಚಾರಣೆ ಶುರುವಾಗುವ ಮೊದಲೇ ನಿಘಂಟು ತೀರ್ಪು ಬರೆದಿಟ್ಟಿದೆ. ಈ ಭಾಷೆಯಲ್ಲಿ ವಿಡಂಬನೆ ಬರೆಯುವ ಕವಿಗೆ ಸಿಗುವ ಅಸ್ತ್ರ ಕೂಡ ಇದೇ ನಿಘಂಟಿನದು.

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಕೆ. ಎಸ್. ನಿಸಾರ್ ಅಹಮದ್ ಹುಟ್ಟಿದ್ದು ದೇವನಹಳ್ಳಿಯಲ್ಲಿ, 1936ರಲ್ಲಿ. ಅವರ 'ಕುರಿಗಳು ಸಾರ್ ಕುರಿಗಳು' ಕನ್ನಡದ ಅತ್ಯಂತ ಜನಪ್ರಿಯ ವಿಡಂಬನ ಕವಿತೆಗಳಲ್ಲೊಂದು. ಮಂದೆಯಾಗಿ ಸಾಗುವ, ತಲೆಯೆತ್ತಿ ದಾರಿ ನೋಡದ, ಕೊನೆಗೆ ತಮ್ಮನ್ನು ಕಡಿಯುವ ಮಚ್ಚಿನ ಹೊಳಪಿಗೇ ಬೆರಗಾಗುವ ಕುರಿಗಳು. ಸ್ವತಂತ್ರ ಭಾರತದ ಪ್ರಜೆಗಳ ಬಗ್ಗೆ ಇಷ್ಟು ಚುರುಕಾದ ಟೀಕೆ ಸಿಗುವುದು ಅಪರೂಪ. ಕವಿ 'ನಾವು' ಎಂದು ತನ್ನನ್ನೂ ಮಂದೆಯೊಳಗೆ ಸೇರಿಸಿಕೊಂಡಿರುವುದರಿಂದ ಕವಿತೆಗೆ ಉಪದೇಶದ ಒಣತನ ಬಂದಿಲ್ಲ. ಚುನಾವಣೆ ಬಂದಾಗಲೆಲ್ಲ ಅದು ಮತ್ತೆ ನೆನಪಾಗುತ್ತದೆ.

ಆದರೆ ಅಲ್ಲಿ ಕುರಿಯ ಗತಿ ಏನು? ಅದು ನಮ್ಮ ಬೆನ್ನಿಗೆ ಬೀಸುವ ಕೋಲು. 'ನೀನು ಕುರಿಯಾದೆಯಲ್ಲ' ಎಂಬ ಮಾತು ಚುಚ್ಚುವುದು, ಕುರಿ ನನಗಿಂತ ಕೀಳು ಎಂದು ನಾನು ಒಪ್ಪಿಕೊಂಡಿದ್ದರೆ ಮಾತ್ರ. ಹಮ್ಮನ್ನು ಮುರಿಯಲು ಹೊರಟ ವಿಡಂಬನೆ ತನ್ನ ಬಲವನ್ನು ಅದೇ ಹಮ್ಮಿನಿಂದ ಸಾಲ ಪಡೆಯುತ್ತದೆ. ಇದನ್ನು ನಿಸಾರರ ದೋಷವೆಂದು ಹೇಳುತ್ತಿಲ್ಲ. ಅವರ ಗುರಿ ರಾಜಕೀಯ, ಪ್ರಾಣಿದಯೆಯಲ್ಲ. ಆದರೆ ಕುರಿಗೂ ಮಚ್ಚಿಗೂ ಇರುವ ನಿಜವಾದ ಸಂಬಂಧ ಆ ಕವಿತೆಯ ಹೊರಗೇ ಉಳಿಯುತ್ತದೆ. ಅದನ್ನು ಓದಿ ನಕ್ಕವರು ಭಾನುವಾರ ಬೆಳಗಿನ ಜಾವ ಹೊಸಕೋಟೆಯ ಬಿರಿಯಾನಿಗೆ ಸಾಲು ನಿಲ್ಲುವುದಕ್ಕೆ ಕವಿತೆಯಿಂದ ಏನೂ ಅಡ್ಡಿಯಿಲ್ಲ. ನಾನೂ ನಿಂತಿದ್ದೇನೆ.

ಬಸವಣ್ಣನವರ ಎರಡು ವಚನಗಳು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತವೆ. ಒಂದರಲ್ಲಿ ಹಬ್ಬಕ್ಕೆಂದು ತಂದ ಹರಕೆಯ ಕುರಿ ಅದೇ ಹಬ್ಬದ ತೋರಣದ ಎಲೆಯನ್ನು ಮೇಯುತ್ತದೆ. ಇಲ್ಲೂ ಕುರಿ ರೂಪಕವೇ, ಆದರೆ ಕವಿಯ ಕಣ್ಣು ಒಂದು ಗಳಿಗೆ ಆ ಪ್ರಾಣಿಯ ಹಸಿವಿನ ಮೇಲೆ ನಿಲ್ಲುತ್ತದೆ. ಸಾಯುವ ಮುನ್ನವೂ ಅದಕ್ಕೆ ಹಸಿವಾಗಿದೆ, ಹಸಿರು ಕಂಡಿದೆ. ಇನ್ನೊಂದು ವಚನದಲ್ಲಿ ಕಲ್ಲಿನ ಹಾವಿಗೆ ಹಾಲೆರೆಯುವ ಜನ ನಿಜವಾದ ಹಾವು ಕಂಡರೆ ಕೊಲ್ಲಲು ಕೂಗುತ್ತಾರೆ. ಈ ವಚನ ಅರ್ಥವಾಗಬೇಕಾದರೆ ಘಾಟಿಗೆ ಬರಬೇಕು. ಅದು ನಾಗನ ಕ್ಷೇತ್ರ. ಹರಕೆ ಹೊತ್ತವರು ನೆಟ್ಟ ನಾಗರಕಲ್ಲುಗಳು ಅಲ್ಲಿ ಸಾಲುಸಾಲಾಗಿ ನಿಂತಿವೆ, ಅರಿಸಿನ ಕುಂಕುಮ ಮೆತ್ತಿಕೊಂಡು. ಸುತ್ತಲಿನ ಹೊಲದಲ್ಲಿ ಜೀವಂತ ನಾಗರ ಕಂಡರೆ ಏನಾಗುತ್ತದೆ ಎಂದು ಆ ಕಡೆಯ ಯಾರನ್ನಾದರೂ ಕೇಳಿ. ಎಂಟುನೂರು ವರ್ಷಕ್ಕೂ ಹಿಂದಿನ ವಚನವನ್ನು ನಮ್ಮೂರ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಕಲ್ಲಿಗೆ ಹಾಲೆರೆಯುತ್ತಾರೆ, ಹಾವಿಗೆ ದೊಣ್ಣೆ ಎತ್ತುತ್ತಾರೆ. ಮೂರಕ್ಕೂ ಪರಸ್ಪರ ಜಗಳವೇ ಇಲ್ಲ.

ಇನ್ನು ಗೋವಿನ ಹಾಡು. ಅದು ನಿಘಂಟನ್ನು ತಲೆಕೆಳಗು ಮಾಡುತ್ತದೆ. ಕೊಟ್ಟ ಮಾತಿಗೆ ತಪ್ಪದ ಹಸು, ಆ ಸತ್ಯವನ್ನು ಕಂಡು ನಾಚಿ ಪ್ರಾಣ ಬಿಡುವ ಹುಲಿ. ಮನುಷ್ಯರು ಮಾಡಬೇಕಾದ್ದನ್ನು ಪ್ರಾಣಿಗಳು ಮಾಡಿ ತೋರಿಸುತ್ತವೆ. ನಾನು ಹುಲಿಯಾಗಿ ಹಾರಿದವನಾದ್ದರಿಂದ ಹುಲಿಯ ಕಡೆಯಿಂದ ಒಂದು ಮಾತು ಹೇಳುವ ಹಕ್ಕಿದೆ ಎಂದುಕೊಳ್ಳುತ್ತೇನೆ. ಅರ್ಭುತನ ತಪ್ಪಾದರೂ ಏನು? ಹಸಿದದ್ದು. ಹುಲಿ ಹುಲಿಯಾಗಿರುವುದನ್ನೇ ಅಪರಾಧ ಮಾಡಿ, ಪಶ್ಚಾತ್ತಾಪಕ್ಕೆ ದೂಡಿ, ಬೆಟ್ಟದಿಂದ ಕೆಡವುವ ನೀತಿ ಅದು. ಒಳ್ಳೆಯ ಹುಲಿ ಎಂದರೆ ಸತ್ತ ಹುಲಿ. ಅದಕ್ಕಿಂತ ಮುಖ್ಯವಾದದ್ದು, ಆ ಹಾಡಿನಲ್ಲಿ ಕಟಕಟೆಗೆ ಏರದೆ ಉಳಿದವನು ಯಾರು ಎಂಬುದು. ಗೊಲ್ಲ ಕಾಳಿಂಗ ಇದ್ದಾನೆ. ದಿನವೂ ಹಾಲು ಕರೆಯುವವನು, ಮಂದೆಯ ಒಡೆಯ. ಹಸುವಿಗೂ ಹುಲಿಗೂ ಸತ್ಯದ ಪರೀಕ್ಷೆ ನಡೆಯುವಾಗ ಅವನು ಅತ್ತ ದೊಡ್ಡಿಯಲ್ಲಿ ಆರಾಮವಾಗಿದ್ದಾನೆ. ಕರು ದೊಡ್ಡದಾದ ಮೇಲೆ, ಪುಣ್ಯಕೋಟಿಯ ಹಾಲು ಬತ್ತಿದ ಮೇಲೆ, ಅವಳನ್ನು ಏನು ಮಾಡಿದ ಎಂಬ ಪದ್ಯ ಹಾಡಿನಲ್ಲಿಲ್ಲ. ಶಾಲೆಯ ರೂಪಕದಲ್ಲಿ ನಮ್ಮಪ್ಪ ಚಪ್ಪಾಳೆ ಹೊಡೆದದ್ದು ಕಾಳಿಂಗನ ಜಾಗದಲ್ಲಿ ಕೂತು. ಆ ಜಾಗದಿಂದ ನೋಡಿದರೆ ಕ್ರೌರ್ಯವೆಲ್ಲ ಹುಲಿಯದು, ಕರುಣೆಯೆಲ್ಲ ನಮ್ಮದು.

ಹೊರಗಿನ ಸಾಹಿತ್ಯದಲ್ಲೂ ಈ ತಾಪತ್ರಯ ಇದೆ. ಮಾರ್ಕ್ ಟ್ವೇನ್ 1896ರಲ್ಲಿ ಬರೆದು, ಬದುಕಿರುವಾಗ ಅಚ್ಚು ಹಾಕಿಸದ ಒಂದು ಪ್ರಬಂಧದಲ್ಲಿ ಮನುಷ್ಯನನ್ನು ಅತ್ಯಂತ ಕೀಳು ಪ್ರಾಣಿ ಎಂದು 'ಪ್ರಯೋಗ'ಗಳ ಮೂಲಕ ಸಾಧಿಸುತ್ತಾನೆ. 72 ಕಾಡೆಮ್ಮೆಗಳನ್ನು ಕೊಂದು ಒಂದರ ಒಂದಿಷ್ಟನ್ನಷ್ಟೇ ತಿಂದ ಶ್ರೀಮಂತನೊಬ್ಬ ಒಂದು ಕಡೆ. ಏಳು ಕರುಗಳನ್ನು ಮುಂದೆ ಬಿಟ್ಟರೂ ಒಂದನ್ನೇ ನುಂಗಿ ಸುಮ್ಮನಾದ ಅನಕೊಂಡ ಇನ್ನೊಂದು ಕಡೆ. ಓದುತ್ತಾ ಹೊಟ್ಟೆ ಹುಣ್ಣಾಗುವಷ್ಟು ನಗಬಹುದು. ಆದರೆ ನಗುವಾಗ ನಾವು ನ್ಯಾಯಾಧೀಶ ಟ್ವೇನನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇವೆ. ಆ ಶ್ರೀಮಂತ ಬೇರೆ ಯಾರೋ. ಈ ಅಪಾಯವನ್ನು ಟ್ವೇನನಿಗಿಂತ ಮೊದಲೇ ಕಂಡವನು ಸ್ವಿಫ್ಟ್. 1726ರ 'ಗಲಿವರನ ಪ್ರವಾಸ'ದ ಕೊನೆಯ ಭಾಗದಲ್ಲಿ ಕುದುರೆಗಳು ವಿವೇಕಿಗಳು, ಮನುಷ್ಯರೂಪದ ಯಾಹೂಗಳು ಹೊಲಸು ಪ್ರಾಣಿಗಳು. ಗಲಿವರ್ ಕುದುರೆಗಳ ಭಕ್ತನಾಗುತ್ತಾನೆ, ಆಮೇಲೆ ಊರಿಗೆ ಬಂದು ಹೆಂಡತಿ ಮಕ್ಕಳ ವಾಸನೆಯನ್ನು ಸಹಿಸಲಾರದೆ ಲಾಯದಲ್ಲಿ ಕುದುರೆಗಳ ಜೊತೆ ಮಾತಾಡುತ್ತಾ ಕಾಲ ಕಳೆಯುತ್ತಾನೆ. ಅಂಥ ಪ್ರಾಣಿಪ್ರೇಮಿ ಆ ದ್ವೀಪದಿಂದ ಹೊರಟ ದೋಣಿಗೆ ಹೊದಿಸಿದ್ದು ಯಾಹೂಗಳ ಚರ್ಮ! ಮನುಷ್ಯಕುಲವನ್ನೇ ಬೈಯುವವನಿಗೂ ಅವನದೇ ಆದ ಒಂದು ಹಮ್ಮು ಇರುತ್ತದೆ ಎಂದು ಸ್ವಿಫ್ಟನಿಗೆ ಗೊತ್ತಿತ್ತು.

ಹಾಗಾದರೆ ಓದುಗನಿಗೆ ತಪ್ಪಿಸಿಕೊಳ್ಳಲು ಜಾಗವನ್ನೇ ಕೊಡದ ವಿಡಂಬನೆ ಎಲ್ಲಿದೆ? ನನಗೆ ಗೊತ್ತಿರುವ ಮಟ್ಟಿಗೆ ಕನ್ನಡದಲ್ಲಿ ಅದಕ್ಕೆ ಅತ್ಯಂತ ಹತ್ತಿರ ಬಂದ ಕೃತಿ 1209ರದು: ಜನ್ನನ 'ಯಶೋಧರ ಚರಿತೆ'. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಕವಿಯ, ನಾಲ್ಕೇ ಅವತಾರಗಳ ಸಣ್ಣ ಕಾವ್ಯ. ಪಠ್ಯಪುಸ್ತಕಗಳು ಅದನ್ನು ಅಹಿಂಸೆಯ ಬೋಧನೆ ಎಂದೋ, ಅಮೃತಮತಿಯ ವಿಕೃತ ಪ್ರೇಮದ ಕಥೆ ಎಂದೋ ಪರಿಚಯಿಸುತ್ತವೆ. ಗಿರೀಶ ಕಾರ್ನಾಡರು 1980ರ 'ಹಿಟ್ಟಿನ ಹುಂಜ' ನಾಟಕಕ್ಕೆ ಈ ಕಥೆಯನ್ನು ಎತ್ತಿಕೊಂಡಾಗಲೂ ಭಾರವೆಲ್ಲ ಗಂಡ, ಹೆಂಡತಿ, ತಾಯಿ, ಮಾವುತ ಈ ನಾಲ್ವರ ಮೇಲೆ ಬಿತ್ತು. ನಾನು ಅದನ್ನು ಎಂ.ಎ. ತರಗತಿಯಲ್ಲಿ ಪರೀಕ್ಷೆಗೆಂದು ಓದಿದೆ. ಓದುತ್ತಾ ಒಂದು ಕಡೆ ಪುಸ್ತಕ ಮುಚ್ಚಿಟ್ಟೆ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಉಜ್ಜಯಿನಿಯ ಅರಸ ಯಶೋಧರ. ಹೆಂಡತಿ ಅಮೃತಮತಿ ಕುರೂಪಿ ಮಾವುತನೊಬ್ಬನಿಗೆ ಒಲಿದದ್ದನ್ನು ಕಣ್ಣಾರೆ ಕಾಣುತ್ತಾನೆ. ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳುತ್ತಾನೆ. ತಾಯಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಮಗ ಜೀವಹಿಂಸೆ ಒಲ್ಲೆ ಎನ್ನುತ್ತಾನೆ. ತಾಯಿಯ ಮಾತು ಮೀರಲಾರ, ಪ್ರಾಣಿಯನ್ನು ಕೊಲ್ಲಲಾರ. ಕೊನೆಗೆ ರಾಜಿ: ಹಿಟ್ಟಿನಿಂದ ಒಂದು ಕೋಳಿ ಮಾಡಿ ಅದನ್ನು ಕಡಿಯುವುದು. ತಾಯಿಯ ಮಾತೂ ಉಳಿಯಿತು, ಅಹಿಂಸೆಯೂ ಉಳಿಯಿತು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ.

ಆ ಕೂಗನ್ನು ನಾನು ಕನ್ನಡ ಕಾವ್ಯದ ಅತ್ಯಂತ ಭಯಾನಕ ಸದ್ದುಗಳಲ್ಲಿ ಒಂದೆಂದು ಎಣಿಸುತ್ತೇನೆ. ಕೋಳಿಯಲ್ಲಿ ಭೂತ ಹೊಕ್ಕಿತ್ತು ಎಂಬುದು ಕಾವ್ಯದ ವಿವರಣೆ. ಆದರೆ ಕೇಳಿಸಿದ್ದು ಅರಸನೊಳಗೆ. ಕೊಲ್ಲುವ ಮನಸ್ಸು ಪೂರ್ತಿಯಾಗಿ ಅಲ್ಲಿತ್ತು. ಇಲ್ಲದ್ದು ರಕ್ತ ಮಾತ್ರ. ಜೈನರು ಇದನ್ನು ಸಂಕಲ್ಪ ಹಿಂಸೆ ಎನ್ನುತ್ತಾರೆ. ಜನ್ನನ ವಿಡಂಬನೆಯ ಗುರಿ ಇಲ್ಲಿ ಕಟುಕನಲ್ಲ, ಬೇಟೆಗಾರನಲ್ಲ. ಕೈಗೆ ರಕ್ತ ಅಂಟಿಸಿಕೊಳ್ಳದೆ ಕೊಲ್ಲುವ ಉಪಾಯ ಕಂಡುಕೊಂಡ ಸಭ್ಯ ಮನುಷ್ಯ. ಅಂದರೆ ಕಾವ್ಯ ಓದುವಂಥವನು.

ಆಮೇಲೆ ನಡೆಯುವುದು ಇನ್ನೂ ಕ್ರೂರ ಹಾಸ್ಯ. ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಸತ್ತ ತಾಯಿ ಮಗ ಪ್ರಾಣಿಗಳಾಗಿ ಜನ್ಮ ಜನ್ಮ ಸುತ್ತುತ್ತಾರೆ. ಅವನು ನವಿಲು, ಅವಳು ನಾಯಿ. ಅವನು ಮೀನು, ಅವಳು ಮೊಸಳೆ. ಅವನು ಹೋತ, ಅವಳು ಕೋಣ. ಮತ್ತೆ ಮತ್ತೆ ತಮ್ಮದೇ ಅರಮನೆಯ ಸುತ್ತಲೇ ಬಂದು, ತಮ್ಮದೇ ಮಗ ಮೊಮ್ಮಗನಾದ ಯಶೋಮತಿಯ ಕೈಯಲ್ಲೋ ಅವನ ಜನರ ಕೈಯಲ್ಲೋ ಸಾಯುತ್ತಾರೆ. ಅರಸನ ಕುದುರೆಯನ್ನು ಹಾಯ್ದ ತಪ್ಪಿಗೆ ಕೋಣವನ್ನು ಸುಡುತ್ತಾರೆ. ಅದು ಅರಸನ ಅಜ್ಜಿ. ಮಗ ತಂದೆಯ ಹೆಸರಿನಲ್ಲಿ ಭಕ್ತಿಯಿಂದ ಶ್ರಾದ್ಧ ಮಾಡಿಸುತ್ತಾನೆ. ಆ ಅಡುಗೆಗೆ ಬೇಯುವ ಮಾಂಸ ತಂದೆಯದೇ. ಕೊನೆಗೆ ಇಬ್ಬರೂ ಕೋಳಿಗಳಾಗಿ, ಮುನಿಯೊಬ್ಬನ ಧರ್ಮದ ಮಾತು ಕಿವಿಗೆ ಬಿದ್ದು ಸಂತೋಷದಿಂದ ಕೂಗುತ್ತಾರೆ. ಅದೇ ಹೊತ್ತಿಗೆ ರಾಣಿಯ ಜೊತೆಗಿದ್ದ ಯಶೋಮತಿ ತನ್ನ ಶಬ್ದವೇಧಿ ಬಿಲ್ವಿದ್ಯೆ ತೋರಿಸಲು ಆ ಸದ್ದಿಗೆ ಗುರಿಯಿಟ್ಟು ಬಾಣ ಬಿಡುತ್ತಾನೆ.

ಇಲ್ಲಿ ನಿಂತು ನೋಡಿ. ಕೊಲೆಗಾರನಿಗೆ ಹಸಿವಿಲ್ಲ, ದ್ವೇಷವಿಲ್ಲ. ಹೆಂಡತಿಯ ಮುಂದೆ ಒಂದು ಚಮತ್ಕಾರ, ಅಷ್ಟೆ. ಅವನಿಗೆ ಕೇಳಿಸಿದ್ದು 'ಸದ್ದು'. ಅದು ಒಂದು ಜೀವ ಜನ್ಮಾಂತರಗಳ ನೋವಿನ ಕೊನೆಗೆ ಮೊದಲ ಸಲ ಆಡಿದ ಸಂತೋಷದ ಮಾತು ಎಂದು ಓದುಗನಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಪ್ರಾಣಿಗಳಿಗೆ ಮಾತಿಲ್ಲ, ಆದ್ದರಿಂದ ನಾವು ಮೇಲು ಎಂಬ ವಾದವನ್ನು ಇಷ್ಟು ತಣ್ಣಗೆ ಸೀಳಿದ ಇನ್ನೊಂದು ಕಡೆ ನನಗೆ ಗೊತ್ತಿಲ್ಲ. ಅವುಗಳಿಗೆ ಮಾತಿಲ್ಲ ಎಂಬುದಲ್ಲ ಇಲ್ಲಿನ ಸಂಗತಿ. ಅವುಗಳ ಮಾತು ನಮಗೆ ಗುರಿಯಾಗಿ ಮಾತ್ರ ಕೇಳಿಸುತ್ತದೆ.

ಈ ಇಡೀ ಕಥೆಯನ್ನು ಹೇಳುವವನು ಬಾಲಕ ಅಭಯರುಚಿ. ಹೇಳುವುದು ಅವನನ್ನೂ ಅವನ ತಂಗಿಯನ್ನೂ ಮಾರಿಗೆ ಬಲಿಕೊಡಲು ನಿಂತ ಅರಸ ಮಾರಿದತ್ತನಿಗೆ. ಸುತ್ತ ಬಲಿಗೆಂದು ತಂದ ಪ್ರಾಣಿಗಳ ಜೋಡಿಗಳು, ಜಾತ್ರೆಯ ಗದ್ದಲ. ಬಾಲಕನ ವಾದ ಸರಳ ಗಣಿತ: ಒಂದು ಹಿಟ್ಟಿನ ಕೋಳಿಗೆ ನನಗೆ ಇಷ್ಟಾಯಿತು, ನಿನ್ನ ಲೆಕ್ಕ ಏನಾಗಬಹುದು? ಅಂದರೆ ಕಥೆ ಹೇಳುವವನೇ ಕೊಂದವನು, ಅವನೇ ಸತ್ತವನು, ಈಗ ಮತ್ತೆ ಸಾಯಲಿರುವವನೂ ಅವನೇ. ನ್ಯಾಯಾಧೀಶನ ಪಕ್ಕದಲ್ಲಿ ಖಾಲಿ ಕುರ್ಚಿ ಇಲ್ಲ. ಕತ್ತಿ ಹಿಡಿದವನು ಕತ್ತಿಯ ಕೆಳಗೂ ಇರಬೇಕಾಗುತ್ತದೆ. ಕುರಿ ಇಲ್ಲಿ ರೂಪಕವಾಗಿ ಉಳಿಯುವುದಿಲ್ಲ. ಕುರಿಯ ಚರ್ಮ ಒಳಗಿನಿಂದ ಉರಿಯುತ್ತದೆ.

ಇಷ್ಟು ಹೊಗಳಿದ ಮೇಲೆ ಜನ್ನನ ಮಿತಿಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಪ್ರಾಣಿಜನ್ಮ ಅವನಿಗೆ ಶಿಕ್ಷೆ, ಮನುಷ್ಯಜನ್ಮ ಬಿಡುಗಡೆಯ ಬಾಗಿಲು. ಮೇಲು ಕೀಳಿನ ಏಣಿ ಮುರಿದಿಲ್ಲ, ಅದರ ಮೇಲೆ ಹತ್ತಿ ಇಳಿಯುವ ಪಯಣವಷ್ಟೇ ಇದೆ. ಇನ್ನೂ ದೊಡ್ಡ ತೊಡಕು ಅಷ್ಟಾವಂಕ. ಆ ಮಾವುತನ ಒಂದೊಂದು ಅಂಗವನ್ನೂ ಕವಿ ಅಸಹ್ಯ ಹುಟ್ಟಿಸುವಂತೆ ಬಣ್ಣಿಸುತ್ತಾನೆ. ಅಮೃತಮತಿಯ ಆಸೆಗೆ ಅವನ ಇಂಪಾದ ಹಾಡು ಕಾರಣ ಎಂದು ಹೇಳಿಯೂ ಅವನಿಗೆ ಮನುಷ್ಯನ ಮುಖ ಕೊಡುವುದಿಲ್ಲ. ಹಿಟ್ಟಿನ ಕೋಳಿಯ ಕೂಗಿಗೆ ನಡುಗುವ ಕಾವ್ಯ ಒಬ್ಬ ಅಂಗವಿಕಲ ಕೂಲಿಯಾಳನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತದೆ. ವಿದ್ಯಾರ್ಥಿಗಳು ಈ ಕಾವ್ಯ ಓದುವಾಗ ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕು.

ಏಕೆಂದರೆ 'ಮನುಷ್ಯ ಪ್ರಾಣಿಗಿಂತ ಮೇಲು' ಎಂಬ ಮಾತು ನಮ್ಮ ನಾಡಿನಲ್ಲಿ ಎಲ್ಲ ಮನುಷ್ಯರಿಗೂ ಎಂದೂ ಅನ್ವಯಿಸಿರಲಿಲ್ಲ. 1927ರಲ್ಲಿ ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗೆ ನಡೆದದ್ದು, ದನಗಳು ಕುಡಿಯಬಹುದಾದ ನೀರನ್ನು ಮುಟ್ಟುವ ಹಕ್ಕು ಕೆಲವು ಮನುಷ್ಯರಿಗೆ ಇಲ್ಲದ್ದರಿಂದ. ಶಿವರಾಮ ಕಾರಂತರ 'ಚೋಮನ ದುಡಿ' (1933) ಓದಿದವರಿಗೆ ಚೋಮನ ಎತ್ತುಗಳು ನೆನಪಿರುತ್ತವೆ. ಅವನ ಬಳಿ ಎತ್ತುಗಳಿವೆ, ಉಳುವ ತೋಳಿದೆ, ಉಳಲು ತುಂಡು ನೆಲ ಪಡೆಯುವ ಹಕ್ಕಿಲ್ಲ. ಆ ಕಾದಂಬರಿಯಲ್ಲಿ ಮನುಷ್ಯನೂ ಎತ್ತೂ ಒಂದೇ ಗುಡಿಸಲಿನ ಸುತ್ತ ಒಂದೇ ಹಸಿವಿನಲ್ಲಿ ಬದುಕುತ್ತಾರೆ. 'ಮನುಷ್ಯ ಪ್ರಾಣಿಗಿಂತ ಕೀಳು' ಎಂದು ಟ್ವೇನನ ಧಾಟಿಯಲ್ಲಿ ನಾವು ಬರೆದರೆ ಚೋಮ ಕೇಳಬಹುದು: ಯಾವ ಮನುಷ್ಯ, ಸ್ವಾಮಿ?

ಪ್ರಾಣಿಗಳ ನಡುವೆಯೂ ನಾವು ಜಾತಿ ಮಾಡಿದ್ದೇವೆ. ಹಸುವಿಗೆ ಹಾಡಿದೆ, ಎಮ್ಮೆಗೆ ಬೈಗುಳವಿದೆ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಜಾನುವಾರು ಕಾಯ್ದೆ ಹಸು, ಹೋರಿ, ಎತ್ತುಗಳ ವಧೆಯನ್ನು ಪೂರ್ತಿಯಾಗಿ ನಿಷೇಧಿಸಿತು. 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಆ ರಕ್ಷೆಯಿಲ್ಲ. ಅದರ ರಾಜಕೀಯ ಬೇರೆ ಚರ್ಚೆ. ನನಗೆ ಕಾಣುವುದು ಜನ್ನ. ರಾಜಮಾತೆ ಚಂದ್ರಮತಿಯನ್ನು ಅವನು ಹಸುವಾಗಿ ಹುಟ್ಟಿಸಲಿಲ್ಲ. ಕೋಣವಾಗಿ ಹುಟ್ಟಿಸಿದ, ನಮ್ಮ ಕನಿಕರ ಕೊನೆಯದಾಗಿ ತಲುಪುವ ಪ್ರಾಣಿಯಾಗಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಹತ್ತನೆಯ ಶತಮಾನದ ನಡುಭಾಗದ್ದು. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೆರ ಎಂಬ ವೀರ, ಒಡೆಯ ಮೆಚ್ಚಿ ಏನು ಬೇಕೆಂದಾಗ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟುವುದೆಂದು ಬರೆಸಿದರು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಹೇಳುತ್ತೇನೆ: ಇದು ಕನ್ನಡದಲ್ಲಿ ಪ್ರಾಣಿಯನ್ನು ಯಾವುದಕ್ಕೂ ಹೋಲಿಸದೆ, ಅದರ ಹೆಸರು ಹಿಡಿದು ಗೌರವಿಸಿದ ಬರಹ. ಹೋದ ಸಲ ಒಬ್ಬ ಹುಡುಗಿ ಕೇಳಿದಳು, 'ಹಂದಿ ಹೆಸರೇನು ಸರ್?' ಹಂದಿಗೆ ಹೆಸರಿಲ್ಲ. ಯಾರದೋ ಬೇಟೆಗಾಗಿ ಎರಡು ಪ್ರಾಣಿಗಳು ಸತ್ತವು, ನಮ್ಮ ಕಡೆಯದಕ್ಕೆ ಹೆಸರು ಉಳಿಯಿತು.

ನನ್ನ ಎಂ.ಎ. ತರಗತಿಯ ದಿನಕ್ಕೆ ಮರಳುತ್ತೇನೆ. ಪುಸ್ತಕ ಮುಚ್ಚಿದ್ದು ಹಿಟ್ಟಿನ ಕೋಳಿಯ ಜಾಗದಲ್ಲಿ. ಅಲ್ಲಿಯವರೆಗೆ ಅದು ನನಗೆ ಪುರಾಣದ ಒಂದು ವಿಚಿತ್ರ ಸಂಗತಿ. ಆ ದಿನ ತಟ್ಟನೆ ಘಾಟಿಯ ಟವೆಲು ಕಣ್ಣ ಮುಂದೆ ಬಂತು. ನಾವು ಎತ್ತನ್ನು ಕೊಲ್ಲಲಿಲ್ಲ, ಮಾರಿದೆವು. ಕೊಂಡವನು ಸಾಕುತ್ತೇನೆಂದ. ಸಾಕುವುದಿಲ್ಲವೆಂದು ಗೊತ್ತಿದ್ದರೂ ಆ ಮಾತು ನಮಗೆ ಬೇಕಿತ್ತು. ಅದೇ ನಮ್ಮ ಹಿಟ್ಟಿನ ಕೋಳಿ. ಹಲ್ಲು ಸವೆದ ಎತ್ತಿಗೆ ಮೇವು ಹಾಕುವಷ್ಟು ರಾಗಿಹುಲ್ಲು ನಮ್ಮಲ್ಲಿರಲಿಲ್ಲ ಎಂಬುದೂ ನಿಜ. ಅಪ್ಪನನ್ನು ಕಟಕಟೆಗೆ ಏರಿಸುವುದು ನನ್ನ ಉದ್ದೇಶವಲ್ಲ. ಬಡತನ ಒಂದು ಕಾರಣ. ಆದರೆ ಮರೆ ಬೇಕಾದದ್ದು ಬಡತನಕ್ಕಲ್ಲ, ಮನಸ್ಸಿಗೆ. ನಮ್ಮ ಕಡೆ ಇಂಥ ಮಾರಾಟ ಮಾಡಿದವರೆಲ್ಲ ಸಸ್ಯಾಹಾರಿಗಳೋ ಗೋಭಕ್ತರೋ ಆಗಿಯೇ ಉಳಿಯುತ್ತಾರೆ. ಕೊನೆಯ ಏಟು ಹಾಕುವವನಿಗೆ ಒಂದು ಜಾತಿ, ಒಂದು ಧರ್ಮ ಹಚ್ಚಿ ಪಾಪವನ್ನೆಲ್ಲ ಅವನ ಪಾಲಿಗೆ ದೂಡುತ್ತೇವೆ. ಹುಲಿಯನ್ನು ಬೆಟ್ಟದಿಂದ ಬೀಳಿಸಿ ಚಪ್ಪಾಳೆ ಹೊಡೆಯುವುದು ಎಂದರೆ ಇದೇ.

ಮತ್ತು, ಇದು ನನ್ನ ಕಸುಬಿಗೂ ಸಲ್ಲುವ ಮಾತು, ವಿಡಂಬನೆ ಕೂಡ ಹಿಟ್ಟಿನ ಕೋಳಿ ಆಗಬಲ್ಲದು. 'ಮನುಷ್ಯ ಎಷ್ಟು ಕ್ರೂರಿ' ಎಂದು ಮನುಷ್ಯಕುಲಕ್ಕೆ ಬೀಸುವ ಕತ್ತಿ ಬೀಳುವುದು ಹಿಟ್ಟಿನ ಮೇಲೆ. ಯಾರಿಗೂ ಗಾಯವಿಲ್ಲ, ಬಲಿ ಕೊಟ್ಟ ಪುಣ್ಯ ಮಾತ್ರ ಬಂತು. ಬರೆದವನಿಗೂ ಓದಿದವನಿಗೂ ಹಗುರಾಗುತ್ತದೆ. ಆದ್ದರಿಂದ ಇಂಥ ಬರಹ ಓದುವಾಗ ನಾನು ನನ್ನ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ: ಕತ್ತಿ ಬಿದ್ದಾಗ ಏನಾದರೂ ಕೂಗಿತೇ?

ಘಾಟಿಯ ಗುಡಿಯಲ್ಲಿ ಒಂದು ಕನ್ನಡಿ ಇದೆ. ಮುಂದಿನಿಂದ ಕಾಣುವುದು ಹೆಡೆಯೆತ್ತಿದ ಸುಬ್ರಹ್ಮಣ್ಯ. ಅದೇ ಶಿಲೆಯ ಹಿಂಬದಿಯಲ್ಲಿ ನರಸಿಂಹ ಇದ್ದಾನೆ, ಅರ್ಧ ಮನುಷ್ಯ, ಅರ್ಧ ಮೃಗ. ಅವನನ್ನು ನೇರವಾಗಿ ನೋಡಲಾಗುವುದಿಲ್ಲ. ಹಿಂದೆ ಇಟ್ಟ ಕನ್ನಡಿಯಲ್ಲಿ ನೋಡಬೇಕು. ವಿಡಂಬನೆಯೂ ಒಂದು ಕನ್ನಡಿ, ಅದರಲ್ಲಿ ಎಲ್ಲರಿಗೂ ತನ್ನದೊಂದು ಬಿಟ್ಟು ಉಳಿದವರ ಮುಖಗಳೆಲ್ಲ ಕಾಣುತ್ತವೆ ಎಂಬರ್ಥದ ಮಾತನ್ನು ಸ್ವಿಫ್ಟ್ ಎಲ್ಲೋ ಆಡಿದ್ದಾನೆ. ಗುಡಿಯ ಸಾಲಿನಲ್ಲಿ ನಿಂತಾಗ ಅದು ನೆನಪಾಗುತ್ತದೆ. ನೂಕುನುಗ್ಗಲಿನಲ್ಲಿ ಒಂದು ಗಳಿಗೆ ಮಾತ್ರ ಕನ್ನಡಿಯ ಮುಂದೆ ನಿಲ್ಲಲು ಬಿಡುತ್ತಾರೆ.

ಜಾತ್ರೆ ಈಗ ಮೊದಲಿನಂತಿಲ್ಲ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದವು. ಚರ್ಮಗಂಟು ರೋಗ ಹಬ್ಬಿದ 2022ರಲ್ಲಿ ದನಗಳ ಜಾತ್ರೆಗಳಿಗೇ ತಡೆ ಬಿತ್ತು. ಆದರೂ ಹಳ್ಳಿಕಾರ್ ಜೋಡಿಗಳಿಗೆ ಕೊಂಬು ಒರೆಸಿ, ಹೂ ಸುತ್ತಿ, ಮೆರವಣಿಗೆ ಮಾಡಿಸಿಕೊಂಡು ಬರುವವರಿದ್ದಾರೆ. ಟವೆಲೂ ಇದೆ.

ಅಪ್ಪ ಬಿಚ್ಚಿಟ್ಟುಕೊಂಡ ಗಂಟೆ ನಮ್ಮ ಮನೆಯಲ್ಲಿ ಕೊಟ್ಟಿಗೆಯ ಬಾಗಿಲಿನ ಮೊಳೆಗೆ ನೇತಾಡುತ್ತಿತ್ತು. ಕೊಟ್ಟಿಗೆ ಬರಿದಾಗಿ ಅದರಲ್ಲಿ ಮೋಟಾರು ಬೈಕು ನಿಲ್ಲಿಸಲು ಶುರುವಾದ ಮೇಲೂ ಅದನ್ನು ಯಾರೂ ತೆಗೆಯಲಿಲ್ಲ. ಗಾಳಿಗೋ ಮಕ್ಕಳ ಕೈ ತಾಕಿಯೋ ಅದು ಸದ್ದು ಮಾಡಿದಾಗ ಅಪ್ಪ ಉಣ್ಣುವ ತಟ್ಟೆಯಿಂದ ತಲೆಯೆತ್ತಿ ಆ ಕಡೆ ನೋಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ಆಮೇಲೆ ಮತ್ತೆ ಮುದ್ದೆ ಮುರಿಯುತ್ತಿದ್ದ.